ಎಫ್-ಒನ್ ಒತ್ತುತ್ತಿದ್ದ ವರ್ಷ

ಮೂಡಿಗೆರೆಯಲ್ಲಿ ನನ್ನ ಅಂಗಡಿ ಇದ್ದ ಕೋಣೆಯಲ್ಲಿ ಈಗ ಬೇಕರಿ ಇದೆ. ಹೋದ ತಿಂಗಳು ಬಸ್ಸಿಗೆ ಕಾಯುತ್ತಾ ಅಲ್ಲಿ ಕೂತು ಒಂದು ಬನ್ನು ತಿಂದು ಕಾಫಿ ಕುಡಿದೆ. ಹೊರಗೆ ಗುಡುಗಿತು. ಗಲ್ಲಾದಲ್ಲಿ ಕೂತಿದ್ದಾತ ಎದ್ದವನೇ ಫ್ರಿಜ್ಜಿನ ಪ್ಲಗ್ಗು, ಮಿಕ್ಸಿಯ ಪ್ಲಗ್ಗು ಎಲ್ಲ ಕಿತ್ತು ಹಾಕಿದ. ನಮ್ಮ ಕಡೆ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಿಡಿಲು ಬಡಿದು ಟೀವಿ ಸುಟ್ಟು ಹೋಗದ ಮನೆ ನಮ್ಮಲ್ಲಿ ಕಡಿಮೆ. ಆ ಗೋಡೆಯ ಪ್ಲಗ್ ಪಾಯಿಂಟನ್ನು ಹಾಕಿಸಿದವಳು ನಾನೇ, ಇನ್ನೂ ಅದೇ ಜಾಗದಲ್ಲಿದೆ. ನೋಡಿದೆ. ಏನೂ ಅನ್ನಿಸಲಿಲ್ಲ. ಎರಡು ಸಾವಿರದ ಮೂರನೇ ಇಸವಿಯ ಮಾತು ಬಂದಾಗಲೆಲ್ಲ ನನಗೆ ಹೀಗೇ. ಎಲ್ಲ ನೆನಪಿರುತ್ತದೆ, ಏನೂ ಅನ್ನಿಸುವುದಿಲ್ಲ.

ನಾನು ಟೈಪಿಂಗ್ ಕಲಿಸುತ್ತಿದ್ದವಳು. ಟೈಪ್‌ರೈಟರ್ ಕಲಿಯೋಕೆ ಯಾರೂ ಬರದೇ ಹೋದ ಮೇಲೆ ಅದೇ ಕೋಣೆಗೆ ಮೂರು ಕಂಪ್ಯೂಟರ್ ತಂದು, ಹೊರಗೆ ಇಂಟರ್‌ನೆಟ್ ಅಂತ ಬೋರ್ಡು ಹಾಕಿದೆ. ಎರಡು ಕಂಪ್ಯೂಟರ್ ಕಾಲೇಜು ಹುಡುಗರಿಗೆ. ಅವರೇ ಕೂತು, ಅವರವರ ಮೇಲ್ ಅವರೇ ನೋಡಿಕೊಂಡು ಹೋಗುತ್ತಿದ್ದರು. ಮೂರನೆಯದು ನನ್ನ ಮೇಜಿನ ಮೇಲೆ. ಅದು ಟೈಪ್ ಮಾಡಲು ಬಾರದವರಿಗೆ. ಅವರು ಚೀಟಿಯಲ್ಲಿ ಬರೆದು ತರೋರು, ಇಲ್ಲ ಬಾಯಲ್ಲಿ ಹೇಳೋರು. ನಾನು ಅವರ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬಡಿದು, ಅಂಗಡಿಯ ವಿಳಾಸದಿಂದಲೇ ಕಳಿಸುತ್ತಿದ್ದೆ. ಉತ್ತರವೂ ಅಂಗಡಿಯ ವಿಳಾಸಕ್ಕೇ ಬರೋದು. ಪ್ರಿಂಟ್ ತೆಗೆದು, ಹೆಸರು ಬರೆದು, ಕ್ಲಿಪ್ಪಿಗೆ ಸಿಕ್ಕಿಸಿಡುತ್ತಿದ್ದೆ. ಬಣಕಲ್, ಗೋಣಿಬೀಡು, ಕಳಸ ಕಡೆಯವರಿಗೆಲ್ಲ ನನ್ನದೊಂದೇ ಮೇಲ್ ವಿಳಾಸ. ನನಗೆ ಅದರ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಜಯಕ್ಕ ಬಣಕಲ್ ಹತ್ತಿರದವರು. ನಾಲ್ಕು ಎಕರೆ ಕಾಫಿ, ಗಂಡ, ಒಬ್ಬಳೇ ಮಗಳು ಶಿಲ್ಪ, ಜೊತೆಗೆ ತಾಯಿ. ತಾಯಿಯನ್ನು ಎಲ್ಲರೂ ಅವ್ವ ಅಂತಲೇ ಕರೆಯೋದು. ಜಯಕ್ಕನಿಗೆ ಒಬ್ಬನೇ ತಮ್ಮ, ಧರ್ಮ. ಅವನು ಆಫ್ರಿಕಾದ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರ್ ಆಗಿದ್ದ. ಎಸ್ಟೇಟಿನಲ್ಲಿ ಫೋನಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಪೇಟೆಗೆ ಬಂದಾಗ ಮೇಲ್ ನೋಡುತ್ತಿದ್ದ. ಕಾಗದ ಬರೆಯೋ ಪೈಕಿ ಅಲ್ಲವೇ ಅಲ್ಲ. ಹಿಂದಿನ ವರ್ಷ ಅಕ್ಕ ತಮ್ಮನ ನಡುವೆ ನನ್ನ ಕೈಯಿಂದಲೇ ನಾಲ್ಕೈದು ಮೇಲ್ ಹೋಗಿ ಬಂದಿದ್ದವು. ಅವನು ಪ್ರತಿ ಸಲವೂ ಕೊನೆಗೆ ಒಂದೇ ಮಾತು ಕೇಳುತ್ತಿದ್ದ, ಅವ್ವನ ಕಾಲು ಹೆಂಗಿದೆ ಅಂತ.

ಆ ವರ್ಷ ಮಾರ್ಚಿನಲ್ಲಿ ಹೂಮಳೆ ಚೆನ್ನಾಗಿ ಬಂತು. ತೋಟವೆಲ್ಲ ಬೆಳ್ಳಗಾಗಿ, ಬಸ್ಸಿನ ಒಳಗೂ ಕಾಫಿ ಹೂವಿನ ವಾಸನೆ. ಅದೇ ವಾರ ಜಯಕ್ಕ ಅಂಗಡಿಗೆ ಬಂದರು. ಶಿಲ್ಪನ ಮದುವೆ ಮೇ ತಿಂಗಳಿಗೆ ನಿಕ್ಕಿಯಾಗಿತ್ತು. ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನ ಹಚ್ಚಿದ ಲಗ್ನಪತ್ರಿಕೆ.

"ಇದನ್ನ ಎಲ್ಲಿಡ್ಲಿ ಮಾರಾಯ್ತಿ?" ಅಂದರು.

"ಎಂತಕ್ಕೆ ಜಯಕ್ಕ ಇದೆಲ್ಲ?"

"ಸೋದರಮಾವನ್ನ ಬರೀ ಕೈಯಲ್ಲಿ ಕರೀತಾರಾ?"

ಅವರ ಮನೆಯ ಪದ್ಧತಿ ನನಗೂ ಗೊತ್ತಿತ್ತು. ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ಹುಡುಗಿಯ ಸೋದರಮಾವನಿಗೆ. ಅವನು ಒಪ್ಪಿ ಆಯ್ತು ಅಂದ ಮೇಲೇ ಉಳಿದವರಿಗೆ ಹಂಚೋದು. ಧಾರೆಯ ದಿನ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವವನೂ ಅವನೇ. ನಾನು ತಟ್ಟೆಯನ್ನು ಇಸಿದುಕೊಂಡು ಮಾನಿಟರ್ ಮೇಲಿಟ್ಟೆ. ಆ ಕಾಲದ ಮಾನಿಟರ್‌ಗಳು ಹಳೇ ಟೀವಿಯ ಹಾಗೆ ದಪ್ಪ, ಮೇಲೆ ಬಿಸಿ. ಟೈಪ್ ಮಾಡಿ ಮುಗಿಸೋ ಹೊತ್ತಿಗೆ ಎಲೆ ಬಾಡಿತ್ತು. ಜಯಕ್ಕ ಹೇಳಿದ್ದನ್ನೆಲ್ಲ ಬರೆದೆ. "ನೀನು ಬಂದೇ ಬರಬೇಕು, ನೀನಿಲ್ಲದೆ ಶಿಲ್ಪನ ಕೈ ಹಿಡಿಯೋರು ಯಾರು" ಅಂತ ಎರಡು ಸಲ ಬರೆಸಿದರು.

ಹೋಗುವಾಗ ಕೇಳಿದರು, "ಪೋಸ್ಟಲ್ಲೂ ಒಂದು ಹಾಕ್ಲಾ?"

"ಸುಮ್ನೆ ಯಾಕೆ? ಪೋಸ್ಟು ತಿಂಗಳು ತಿರುಗಾಡುತ್ತೆ. ಇದು ಒಂದು ನಿಮಿಷ" ಅಂದೆ. ನನಗೆ ಬಾಯಿ ಜೋರು, ಆಗಲೂ ಈಗಲೂ.

ಇಲ್ಲಿ ಕಂಪ್ಯೂಟರಿನ ಒಂದು ವಿಷಯ ಹೇಳಬೇಕು. ನಾನು ದಿನಾ ಸಂಜೆ ಬಾಗಿಲು ಹಾಕುವಾಗ ಸಿಡಿಲಿನ ಹೆದರಿಕೆಗೆ ಎಲ್ಲ ಪ್ಲಗ್ಗು ಕಿತ್ತು ಹೋಗುತ್ತಿದ್ದೆ. ಆ ವರ್ಷ ಜನವರಿಯಿಂದ ನನ್ನ ಮೇಜಿನ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯಲ್ಲೇ ನಿಂತುಬಿಡೋದು. ಬ್ಯಾಟರಿ ಅಂತ ಏನೋ ಒಂದು ಸಾಲು, ಕೆಳಗೆ ಮುಂದುವರಿಯಲು ಎಫ್-ಒನ್ ಒತ್ತಿ ಅಂತ ಇನ್ನೊಂದು. ಬ್ಯಾಟರಿ ಅಂದರೆ ಯುಪಿಎಸ್ಸಿನದು ಅಂದುಕೊಂಡೆ. ನಮ್ಮೂರಲ್ಲಿ ಯಾರ ಯುಪಿಎಸ್ ಬ್ಯಾಟರಿ ನೆಟ್ಟಗಿತ್ತು? ಎಫ್-ಒನ್ ಒತ್ತುತ್ತಿದ್ದೆ, ಕಂಪ್ಯೂಟರ್ ಮುಂದೆ ಹೋಗೋದು. ದೀಪ ಹಚ್ಚೋದು, ಕಸ ಗುಡಿಸೋದು, ಎಫ್-ಒನ್ ಒತ್ತೋದು, ಇಷ್ಟು ಬೆಳಗಿನ ಕೆಲಸ. ಪರದೆಯ ಮೂಲೆಯಲ್ಲಿ ಗಂಟೆ ಏನೋ ತೋರಿಸುತ್ತಿತ್ತು. ಅದನ್ನು ಯಾರು ನೋಡುತ್ತಾರೆ, ಗಡಿಯಾರ ಗೋಡೆಯ ಮೇಲಿತ್ತು.

ಧರ್ಮನ ಉತ್ತರ ಬರಲಿಲ್ಲ. ಜಯಕ್ಕ ವಾರಕ್ಕೆರಡು ಸಲ ಬಂದು ಕ್ಲಿಪ್ ನೋಡಿ ಹೋಗುತ್ತಿದ್ದರು. ಅಚ್ಚಾದ ಪತ್ರಿಕೆಗಳು ಮನೆಯಲ್ಲಿ ಕಟ್ಟು ಕಟ್ಟಾಗಿ ಹಾಗೇ ಇದ್ದವು. ಏಪ್ರಿಲ್ ಮೊದಲಲ್ಲಿ ಇನ್ನೊಂದು ಮೇಲ್ ಹಾಕಿಸಿದರು. "ಏನಾದ್ರೂ ಬೇಜಾರಾಗಿದ್ರೆ ಹೇಳು, ಅವ್ವ ದಿನಾ ಕೇಳ್ತಾಳೆ." ಅದಕ್ಕೂ ಉತ್ತರವಿಲ್ಲ. ಗಂಡಿನ ಕಡೆಯವರಿಂದ ಮಾತು ಬರೋಕೆ ಶುರುವಾಯಿತು, ಪತ್ರಿಕೆಯೇ ಹಂಚಿಲ್ಲ, ಎಂಥ ಮದುವೆ ಇದು ಅಂತ. ಕೊನೆಗೆ ಜಯಕ್ಕನ ಯಜಮಾನರು ಸಿಟ್ಟು ಮಾಡಿ ಹಂಚಿಸಿದರು.

ಆ ಸಮಯದಲ್ಲಿ ಜಯಕ್ಕ ಒಬ್ಬರೇ ಅಲ್ಲ, ಇನ್ನೂ ಕೆಲವರು ಬಂದು ಮೇಲ್ ತಲುಪಿಲ್ಲವಂತೆ ಅಂತ ಹೇಳಿದ್ದರು. ರಿಟೈರ್ಡ್ ಮೇಷ್ಟ್ರೊಬ್ಬರು ಜಗಳವನ್ನೇ ಆಡಿದರು. ಎಲ್ಲರಿಗೂ ನನ್ನ ಹತ್ತಿರ ಒಂದೇ ಉತ್ತರ, ಸರ್ವರ್ ಪ್ರಾಬ್ಲಂ. ಸರ್ವರ್ ಎಲ್ಲಿದೆ, ಅದು ಎಂತ ಮಾಡುತ್ತೆ, ಒಂದೂ ನನಗೆ ಗೊತ್ತಿರಲಿಲ್ಲ. ಜಯಕ್ಕನಿಗೆ ಮಾತ್ರ ಹಾಗೆ ಹೇಳಲಿಲ್ಲ. "ಹೋಗಿದೆ ಅಕ್ಕ, ಅವನು ನೋಡಿರ್ತಾನೆ" ಅಂದೆ. ಹೋದ ಮೇಲ್ ವಾಪಸ್ ಬಂದಿರಲಿಲ್ಲ, ತಪ್ಪು ಅಂತ ಯಾವ ಸೂಚನೆಯೂ ಇರಲಿಲ್ಲ. ಧರ್ಮ ದೊಡ್ಡ ಮನುಷ್ಯ ಆಗಿಬಿಟ್ಟಿದಾನೆ ಅಂತ ನಾನೂ ಮನಸ್ಸಿನಲ್ಲೇ ಬೈದುಕೊಂಡೆ.

ಮದುವೆಗೆ ಹೋಗಿದ್ದೆ. ಜಯಕ್ಕನ ದೊಡ್ಡಪ್ಪನ ಮಗ ಸೋದರಮಾವನ ಜಾಗದಲ್ಲಿ ನಿಂತ. ಒಳ್ಳೆಯವನೇ. ಆದರೆ ಶಿಲ್ಪ ಅವನ ಕೈ ಹಿಡಿಯುವ ಮೊದಲು ಬಾಗಿಲ ಕಡೆ ಒಮ್ಮೆ ನೋಡಿದಳು. ಅವ್ವ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿದ್ದರು. ನಾನು ಹತ್ತಿರ ಹೋದಾಗ ಕೇಳಿದರು, "ಧರ್ಮಂಗೆ ನೀನೇ ಅಲ್ವಾ ಬರ್ದಿದ್ದು? ಸರೀಗೆ ಬರ್ದಿದ್ಯಾ?" ಸರಿಯಾಗೇ ಬರೆದೆ ಅವ್ವ ಅಂದೆ. ಮಾರನೇ ವಾರ ಜಯಕ್ಕ ಬಂದು ಮೂರನೇ ಮೇಲ್ ಹಾಕಿಸಿದರು. ಅದು ಎರಡೇ ಸಾಲು. ಮದುವೆ ಆಯ್ತು. ನೀನು ಬರಲಿಲ್ಲ, ಒಂದು ಮಾತೂ ಬರೀಲಿಲ್ಲ, ಇನ್ನು ನಾನು ಬರೆಯೋದಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಜುಲೈ ಪೂರ್ತಿ ಬಿಡಲಿಲ್ಲ. ಕೊಟ್ಟಿಗೆಹಾರದ ಕಡೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲ, ಫೋನಿಲ್ಲ. ಅಂಗಡಿಯೊಳಗೆ ಗೋಡೆಯೇ ಬೆವರುತ್ತಿತ್ತು. ಅಂಥ ಮಳೆಯಲ್ಲಿ ಅವ್ವ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ನನಗೆ ಸುದ್ದಿ ಗೊತ್ತಾಗಿದ್ದು ಮೂರನೇ ದಿನ. ಹೋದೆ. ಜಯಕ್ಕ ಒಲೆಯ ಮುಂದೆ ಕೂತಿದ್ದರು. ಕಟ್ಟಿಗೆ ಹಸಿ ಇತ್ತಂತೆ, ಸೀಮೆಎಣ್ಣೆ ಸುರಿದು ಸುಟ್ಟರಂತೆ, ಬೆಂಕಿ ಇಟ್ಟವನು ಅದೇ ದೊಡ್ಡಪ್ಪನ ಮಗ.

"ಧರ್ಮಂಗೆ ಮೇಲ್ ಹಾಕ್ಲಾ ಅಕ್ಕ?" ಅಂತ ಕೇಳಿದೆ.

"ಬೇಡ."

"ಒಬ್ನೇ ಮಗ ಅಲ್ವಾ."

"ಮದ್ವೆಗೆ ಕರೆದ್ರೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೊನೇ ದಿನಾನೂ ಅವ್ವ ಅವನ್ನೇ ಕೇಳ್ತಿದ್ಲು. ಅವನು ಬಂದು ನೀರು ಬಿಡಬೇಕಾಗಿಲ್ಲ. ನೀನು ಹಾಕಿದ್ರೆ ನನ್ನ ಮೇಲಾಣೆ."

ನಾನು ಹಾಕಲಿಲ್ಲ. ಹನ್ನೊಂದನೇ ದಿನದ ಊಟಕ್ಕೂ ಹೋಗಿ ಬಂದೆ.

ಅಕ್ಟೋಬರಿನಲ್ಲಿ ಬಿಸಿಲು ಬಂತು. ಒಂದು ಬೆಳಿಗ್ಗೆ ಎಫ್-ಒನ್ ಒತ್ತಿ, ಮೇಲ್ ಇಳಿಸಿಕೊಂಡೆ. ಧರ್ಮನದು ಇತ್ತು. ಇಂಗ್ಲಿಷ್ ಅಕ್ಷರದ ಕನ್ನಡ. "ಅಕ್ಕ, ನಿನ್ನಿಂದ ಪತ್ರ ಬರುತ್ತೆ ಅಂತ ಕಾಯ್ತಾ ಇದ್ದೆ. ಜೂನಿನಲ್ಲಿ ಊರಿಂದ ಬಂದವನೊಬ್ಬ ಶಿಲ್ಪನ ಮದುವೆ ಆಯ್ತು ಅಂದ. ನನ್ನ ಕರೀಲಿಲ್ಲವಲ್ಲ ಅಂತ ತುಂಬ ಸಿಟ್ಟು ಬಂತು. ಈಗ ಸಿಟ್ಟು ಇಳಿದಿದೆ. ನನ್ನದೇ ಏನು ತಪ್ಪಾಯ್ತೋ. ಡಿಸೆಂಬರಿನಲ್ಲಿ ಬರ್ತೀನಿ. ಈ ಸಲ ಎರಡು ವಾರ ಪೇಟೆಯಲ್ಲೇ ಇರ್ತೀನಿ, ಉತ್ತರ ಬರಿ. ಅವ್ವನಿಗೆ ಒಂದು ಉಣ್ಣೆ ಶಾಲು ತಗೊಂಡಿದೀನಿ. ಅವಳ ಕಾಲು ಹೆಂಗಿದೆ?"

ಎರಡು ಸಲ ಓದಿದೆ. ಮೊದಲು ಸಿಟ್ಟೇ ಬಂತು. ಎಂಥ ಸುಳ್ಳುಗಾರ, ಮೂರು ಮೇಲ್ ಹಾಕಿದೀವಿ. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಬೇರೆಯವರ ಪ್ರಿಂಟ್ ನಡೆಯುತ್ತಿತ್ತು, ಹುಡುಗರ ಕಂಪ್ಯೂಟರಿನಲ್ಲಿ ಕೂತು ಹಾಗಂತಲೇ ಬರೆದೆ, ಅವ್ವನ ವಿಷಯ ಮಾತ್ರ ಬಿಟ್ಟು. ಮಾರನೇ ದಿನ ಉತ್ತರ ಬಂತು, ಒಂದೂ ಬಂದಿಲ್ಲ ಸರೋಜಕ್ಕ, ದೇವರಾಣೆ. ಅವ್ವನ ಮಗ ಸುಳ್ಳಿಗೆ ದೇವರಾಣೆ ಹಾಕುವವನಲ್ಲ. ಜಯಕ್ಕನಿಗೆ ಏನೂ ಹೇಳಲಿಲ್ಲ. ಪ್ರಿಂಟ್ ತೆಗೆಯಲಿಲ್ಲ.

ನಮಗೆ ಇಂಟರ್‌ನೆಟ್ ಕೊಟ್ಟಿದ್ದವರ ಆಫೀಸಿಗೆ ಫೋನ್ ಮಾಡಿದೆ. ಒಬ್ಬ ಎಂಜಿನಿಯರ್ ಸಿಕ್ಕಿದ. ನಾನು ಜೋರು ಮಾಡಿದೆ, ನಿಮ್ಮ ಸರ್ವರ್ ಜನರ ಮೇಲ್ ನುಂಗುತ್ತೆ ಅಂತ. ಅವನು ಪಾಪ, ತಾಳ್ಮೆಯವನು. "ಮೇಡಂ, ಬೈಯೋದು ಆಮೇಲೆ ಬೈಯಿರಿ. ಮೊದಲು ನಿಮ್ಮದೇ ಇನ್ನೊಂದು ಅಕೌಂಟ್ ಇದ್ರೆ ಅದಕ್ಕೆ ಒಂದು ಮೇಲ್ ಕಳಿಸಿ. ಬಂದ ಮೇಲೆ ಅದರ ಪೂರ್ತಿ ಹೆಡರ್ ತೆರೆದು ನೋಡಿ."

"ಹೆಡರ್ ಅಂದ್ರೆ ಎಂಥದು?"

ಅವನು ವಿವರಿಸಿದ. ನಮಗೆ ಕಾಣೋದು ಯಾರಿಂದ, ಯಾರಿಗೆ, ವಿಷಯ, ಇಷ್ಟೇ. ಅದರ ಹಿಂದೆ ಇನ್ನೂ ಹತ್ತಿಪ್ಪತ್ತು ಸಾಲು ಮಡಚಿಕೊಂಡಿರುತ್ತವೆ. ಕಾಗದದ ಕವರಿನ ಮೇಲೆ ಮೂಡಿಗೆರೆಯ ಮುದ್ರೆ, ಚಿಕ್ಕಮಗಳೂರಿನ ಮುದ್ರೆ, ಆಮೇಲೆ ಮುಟ್ಟಿದ ಊರಿನ ಮುದ್ರೆ ಬೀಳುತ್ತವಲ್ಲ, ಹಾಗೆ ಮೇಲ್ ಹಾದುಹೋಗುವ ಪ್ರತಿ ಸರ್ವರ್ ತನ್ನ ಹೆಸರು, ದಿನ, ಗಂಟೆ ಬರೆದು ಮುಂದೆ ಕಳಿಸುತ್ತದೆ. ರಿಸೀವ್ಡ್ ಅಂತ ಶುರುವಾಗೋ ಸಾಲುಗಳು ಅವು. ಹೊಸ ಮುದ್ರೆ ಮೇಲೆ ಬೀಳುತ್ತದೆ, ಅದಕ್ಕೆ ಕೆಳಗಿಂದ ಮೇಲಕ್ಕೆ ಓದಬೇಕು. ಎಲ್ಲಿ ತಡೆದಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಡೇಟ್ ಅಂತ ಒಂದು ಸಾಲು ಮಾತ್ರ ಸರ್ವರಿನದಲ್ಲ, ಅದು ಬರೆದವರ ಕಂಪ್ಯೂಟರಿನದು.

ನನ್ನ ಮೇಜಿನ ಕಂಪ್ಯೂಟರಿನಿಂದ ನನ್ನದೇ ಇನ್ನೊಂದು ಅಕೌಂಟಿಗೆ ಮೇಲ್ ಕಳಿಸಿದೆ. ಹುಡುಗರ ಕಂಪ್ಯೂಟರಿನಲ್ಲಿ ಕೂತು ತೆರೆದೆ. ಬಂದಿರಲಿಲ್ಲ. ಇನ್ನೊಂದು ಕಳಿಸಿದೆ. ಬರಲಿಲ್ಲ. ಮತ್ತೊಂದು ಕಳಿಸಿದೆ. ಸಿಕ್ಕಿಬಿದ್ದೆಯಲ್ಲ ಸರ್ವರೇ ಅಂತ ಒಳಗೊಳಗೇ ಖುಷಿಯಾಯಿತು. ಆ ಅಕೌಂಟಿನಲ್ಲಿ ಯಾರ್‍ಯಾರೋ ಕಳಿಸಿದ ಜೋಕು, ದೇವರ ಪಟ ಎಲ್ಲ ಸೇರಿ ನೂರಾರು ಮೇಲ್ ಇದ್ದವು. ಹಾಳಾದ್ದು ಜಾಗ ತುಂಬಿದೆಯೇನೋ, ಹಳೆಯದನ್ನು ಅಳಿಸೋಣ ಅಂತ ಕೊನೆಯ ಪುಟಕ್ಕೆ ಹೋದೆ. ನನ್ನ ಮೂರೂ ಮೇಲ್ ಅಲ್ಲಿದ್ದವು, ಎಲ್ಲಕ್ಕಿಂತ ಕೆಳಗೆ, ಒಂದರ ಕೆಳಗೊಂದು.

ಹೆಡರ್ ತೆರೆದೆ. ಕೆಳಗಿಂದ ಮೇಲಕ್ಕೆ ಓದಿದೆ. ರಿಸೀವ್ಡ್ ಸಾಲುಗಳೆಲ್ಲ ಆವತ್ತಿನ ದಿನ, ಆವತ್ತಿನ ಗಂಟೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ಸೆಕೆಂಡು. ಸರ್ವರುಗಳು ಎಲ್ಲಿಯೂ ನಿಂತಿರಲಿಲ್ಲ. ಡೇಟ್ ಸಾಲಿನಲ್ಲಿ ಮಾತ್ರ ಎರಡು ಸಾವಿರನೇ ಇಸವಿ ಜನವರಿ ಒಂದು, ಶನಿವಾರ, ರಾತ್ರಿ ಹನ್ನೆರಡು ಗಂಟೆ ಕಳೆದು ನಲವತ್ತು ನಿಮಿಷ. ನಾನು ಎಫ್-ಒನ್ ಒತ್ತಿ ನಲವತ್ತು ನಿಮಿಷವಾಗಿತ್ತು.

ಎಂಜಿನಿಯರಿಗೆ ಮತ್ತೆ ಫೋನ್ ಮಾಡಿದೆ. ಅವನಿಗೆ ನಗು ಬಂತು. "ಒಳಗೆ ನಾಣ್ಯದಷ್ಟು ಒಂದು ಬ್ಯಾಟರಿ ಇರುತ್ತೆ ಮೇಡಂ, ಪ್ಲಗ್ ಕಿತ್ತಾಗ ಗಡಿಯಾರ ನಡೆಸೋದು ಅದೇ. ಅದು ಸತ್ತಿದೆ. ನೀವು ದಿನಾ ಪ್ಲಗ್ ಕೀಳ್ತೀರಿ, ದಿನಾ ಬೆಳಿಗ್ಗೆ ಅದಕ್ಕೆ ಎರಡು ಸಾವಿರನೇ ಇಸವಿ. ಆ ಕಡೆಯವರು ಹೊಸದು ಮೇಲೆ ಬರೋ ಹಾಗೆ ಇಟ್ಕೊಂಡಿರ್ತಾರೆ, ನಿಮ್ಮದು ಮೂರು ವರ್ಷ ಹಳೇದು ಅಂತ ತಳಕ್ಕೆ ಹೋಗಿ ಕೂರುತ್ತೆ." ನಾನು ನಗಲಿಲ್ಲ. ಥ್ಯಾಂಕ್ಸ್ ಅಂದು ಇಟ್ಟೆ.

ಜನವರಿಯಿಂದ ಅಕ್ಟೋಬರಿನವರೆಗೆ ನಾನು ಕಳಿಸಿದ್ದೆಲ್ಲ ಒಂದೇ ದಿನ ಕಳಿಸಿದ ಹಾಗಾಗಿತ್ತು. ತಾವೇ ಕೂತು ಬರೆದುಕೊಂಡ ಹುಡುಗರದ್ದು ಯಾವುದೂ ಹಾಳಾಗಿರಲಿಲ್ಲ, ಅವರದು ಬೇರೆ ಕಂಪ್ಯೂಟರ್, ಅದರ ಬ್ಯಾಟರಿ ಸತ್ತಿರಲಿಲ್ಲ. ನನ್ನ ಕೈಗೆ ಕೊಟ್ಟವರದ್ದು ಮಾತ್ರ. ಕುರ್ಚಿಯಲ್ಲೇ ಕೂತಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಯಾರೋ ಬಂದು ಝೆರಾಕ್ಸ್ ಮಾಡ್ತೀರಾ ಅಂದರು, ಪಕ್ಕದಂಗಡಿ ಅಂದೆ.

ಧರ್ಮನಿಗೆ ಹುಡುಗರ ಕಂಪ್ಯೂಟರಿನಿಂದ ಬರೆದೆ. ನಿನ್ನ ಮೇಲ್ ಪೆಟ್ಟಿಗೆಯ ಕೊನೆಯ ಪುಟಕ್ಕೆ ಹೋಗು, ತಳದಲ್ಲಿ ನೋಡು, ನನ್ನ ಕಂಪ್ಯೂಟರಿನ ಗಡಿಯಾರ ಕೆಟ್ಟಿತ್ತು, ತಪ್ಪು ನನ್ನದು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು. "ಸಿಕ್ಕಿತು ಸರೋಜಕ್ಕ. ಮೂರನ್ನೂ ಓದಿದೆ. ಅಕ್ಕನ ಕಾಲು ಹಿಡಿದು ತಪ್ಪಾಯ್ತು ಅಂತ ನನ್ನ ಪರವಾಗಿ ಹೇಳಿ. ಅವ್ವನಿಗೂ ಹೇಳಿ, ಧರ್ಮ ಮರೆತಿರಲಿಲ್ಲ, ನೀನು ಮುನಿಸಿಕೊಳ್ಳಬೇಡ ಅಂತ."

ಅದನ್ನು ಪ್ರಿಂಟ್ ತೆಗೆದೆ, ಮೊದಲಿನವನ್ನೂ ತೆಗೆದೆ. ಅಂಗಡಿಗೆ ಬೀಗ ಹಾಕಿ ಬಣಕಲ್ ಬಸ್ ಹತ್ತಿದೆ.

ಜಯಕ್ಕ ಅಂಗಳದಲ್ಲಿ ಕಣ ಸಾರಿಸುತ್ತಿದ್ದರು. ಅರೇಬಿಕಾ ಕೊಯ್ಲಿಗೆ ಇನ್ನು ಹದಿನೈದು ಇಪ್ಪತ್ತು ದಿನ, ಹಣ್ಣು ಒಣಗಿಸೋಕೆ ಕಣ ಆಗಬೇಕು. ಕೈಯೆಲ್ಲ ಸಗಣಿ. "ಎಂತೇ ಸರೋಜ, ಅಂಗಡಿ ಬಿಟ್ಟು ಬಂದಿದೀಯ" ಅಂದರು. ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ, ಪ್ಲಗ್ಗು, ಬ್ಯಾಟರಿ, ಗಡಿಯಾರ, ಎಫ್-ಒನ್. ಪೋಸ್ಟು ಬೇಡ ಅಂದವಳೂ ನಾನೇ ಅಂತ ಸೇರಿಸಿದೆ. ಅವರ ಕೈ ಕೊಳೆಯಾಗಿದ್ದರಿಂದ ಧರ್ಮನ ಮೇಲ್‌ಗಳನ್ನು ನಾನೇ ಓದಿದೆ. ಶಾಲಿನ ಸಾಲೂ ಓದಿದೆ. ಮುನಿಸಿಕೊಳ್ಳಬೇಡ ಅನ್ನೋದನ್ನೂ ಓದಿದೆ.

ಅವರು ಹಿಡಿದಿದ್ದ ಸಾಲನ್ನು ಕೊನೆಯವರೆಗೂ ಸಾರಿಸಿದರು. ಎದ್ದು, ಹಂಡೆಯ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದರು.

"ನೀನು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ ಅಕ್ಕ."

"ಮತ್ತೆ ಯಾಕೆ ಹೇಳ್ದೆ?"

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಜಗಲಿಯ ಮೇಲೆ ಕೂತರು. ನನಗೂ ಕೂರು ಅಂದರು. ಆಮೇಲೆ ಕೇಳಿದರು, "ಅವ್ವ ಹೋಗಿದ್ದು ಅವ್ನಿಗೆ ಇನ್ನೂ ಗೊತ್ತಿಲ್ಲ ಅಲ್ವಾ?"

"ಇಲ್ಲ."

"ಮೇಲ್ ಹಾಕಿದ್ರೆ ಯಾವತ್ತು ಸಿಗುತ್ತೆ?"

"ಇವತ್ತೇ. ಶನಿವಾರದವರೆಗೆ ಪೇಟೇಲಿರ್ತಾನೆ. ಗಡಿಯಾರ ಸರಿ ಮಾಡ್ಸಿದೀನಿ ಅಕ್ಕ, ಈಗ ಮೇಲೇ ಬರುತ್ತೆ."

"ಕಾಗದ ಹಾಕಿದ್ರೆ?"

"ಎಸ್ಟೇಟಿಗೆ ಮುಟ್ಟೋಕೆ ಇಪ್ಪತ್ತು ದಿನ. ತಿಂಗಳೂ ಆಗ್ಬಹುದು."

ಜಯಕ್ಕ ಒಳಗೆ ಹೋಗಿ ಶಿಲ್ಪನ ಹಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು, ಪೆನ್ನು ತಗೊಂಡು ಬಂದರು.

"ಮೇಲ್ ಆದ್ರೆ ಬೇಗ ಗೊತ್ತಾಗುತ್ತಲ್ಲ ಅಕ್ಕ, ತಡ ಯಾಕೆ" ಅಂದೆ. ಅಭ್ಯಾಸಬಲ, ಬಾಯಿ ಸುಮ್ಮನಿರಲಿಲ್ಲ.

ಅವರು ಹಾಳೆಯನ್ನು ಮೊಣಕಾಲ ಮೇಲೆ ಸರಿ ಮಾಡಿಕೊಂಡರು.

"ಬೇಗ ಗೊತ್ತಾಗಿ ಎಂತ ಮಾಡ್ತಾನೆ ಈಗ? ಕಾಗದಾನೇ ಹಾಕ್ತೀನಿ. ಅದು ಮುಟ್ಟೋವರೆಗಾದ್ರೂ ಅವ್ನಿಗೆ ಅವ್ವ ಇರ್ಲಿ."